ಎರಡನೇ ಗೇರಿನ ಯಜಮಾನರು

ನಮ್ಮ ಬೀದಿಯ ಮೋಟಾರ್ ಸೈಕಲ್ ಯಜಮಾನರಿಗೆ ಗಾಡಿ ಓಡಿಸುವಷ್ಟೇ ಬಿಚ್ಚುವ ಹುಚ್ಚು. ರಜೆ ಸಿಕ್ಕಿತೆಂದರೆ ಅಂಗಳದಲ್ಲಿ ಗೋಣಿಚೀಲ ಹಾಸಿ, ನಟ್ಟು ಬೋಲ್ಟುಗಳನ್ನು ಹೆಂಡತಿಯ ಊಟದ ತಟ್ಟೆಗಳಲ್ಲಿ ಜೋಡಿಸಿಡುತ್ತಾರೆ. ಮೆಕ್ಯಾನಿಕ್ ಎಂದರೆ ಉರಿದು ಬೀಳುತ್ತಾರೆ: "ಅವನಪ್ಪ ಹುಟ್ಟೋಕೆ ಮುಂಚಿನ ಗಾಡಿ ಇದು, ಅವನಿಗೇನ್ ಗೊತ್ತು!" ಏನಾದರೂ ಸೊಟ್ಟಗೆ ಕಂಡರಂತೂ ಕೈ ಸುಮ್ಮನಿರದು. ಈ ಸಲ ಕ್ಲಚ್ ಪ್ಲೇಟ್ ಬದಲಿಸಿ ಎಲ್ಲವನ್ನೂ ಕೂರಿಸಿದರು. ಗೇರ್ ಲಿವರನ್ನು ಕಾಲಿನಿಂದ ಎತ್ತಿದರೆ ಮೊದಲ ಗೇರ್ ಬಿತ್ತು. ಒತ್ತಿದರೆ ಎರಡನೆಯದು ಜಪ್ಪಯ್ಯ ಅಂದರೂ ಬೀಳಲಿಲ್ಲ. ಕೇಬಲ್ ಬಿಗಿ ಮಾಡಿದರು, ಸಡಿಲ ಮಾಡಿದರು, ಆಯಿಲ್ ಬದಲಿಸಿದರು, ಪುಸಲಾಯಿಸಿದರು, ಬೈದರು. ಕೊನೆಗೆ "ನಾಳೆ ಗುಜರಿಗೆ ಹಾಕ್ತೀನಿ" ಎಂದು ಸ್ಪ್ಯಾನರ್ ಎಸೆದು, ಮುಖ ಸಪ್ಪೆ ಮಾಡಿಕೊಂಡು ಮೆಟ್ಟಿಲ ಮೇಲೆ ಕುಕ್ಕರಿಸಿದರು. ತಟ್ಟೆ ಎತ್ತಿಕೊಳ್ಳಲು ಬಂದ ಹೆಂಡತಿ ಬಗ್ಗಿ ನೋಡಿ, "ಅಲ್ರೀ, ಈ ಗೇರ್ ಲಿವರು ಮೂತಿ ಮೇಲೆತ್ಕೊಂಡು ಇರ್ತಿತ್ತಲ್ವಾ?" ಎಂದರು. "ಸೊಟ್ಟಗಿತ್ತು, ನೆಟ್ಟಗೆ ಕೂರಿಸ್ದೆ" ಎನ್ನುತ್ತಲೇ ಯಜಮಾನರು ಎದ್ದು ಬಂದು ಒತ್ತಿ ನೋಡಿದರು. ನೆಟ್ಟಗಾದ ಲಿವರು ಅರ್ಧ ದಾರಿಯಲ್ಲೇ ಫುಟ್‌ರೆಸ್ಟಿಗೆ ತಾಗಿ ನಿಲ್ಲುತ್ತಿತ್ತು! ಬಿಚ್ಚಿ, ಮೂತಿ ಮೇಲೆ ಬರುವಂತೆ ಒಂದು ಹಲ್ಲು ಮೇಲಕ್ಕೆ ಕೂರಿಸಿದರು. ಎರಡನೇ ಗೇರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಿತ್ತು. ಹೋದ ಜೀವ ಬಂದಂತಾಗಿ, "ನಿಂಗೆ ಹೇಗೆ ಗೊತ್ತಾಯ್ತೇ?" ಎಂದು ಕೇಳಿದರು. "ಇಷ್ಟು ವರ್ಷ ಹಿಂದೆ ಕೂತು ರಸ್ತೆ ನೋಡ್ತಿದ್ದೆ ಅಂದ್ಕೊಂಡ್ರಾ? ನೀವು ಓಡಿಸೋ ಸ್ಪೀಡಿಗೆ ನಂಗೆಲ್ಲಿತ್ತು ಆ ಧೈರ್ಯ! ನಿಮ್ಮ ಕಾಲನ್ನೇ ನೋಡ್ತಾ ಕೂತಿರ್ತಿದ್ದೆ." ಆ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದ ಯಜಮಾನರು ಮೂರನೇ ಗೇರಿಗೆ ಹೋಗಲೇ ಇಲ್ಲ.