ಥರ್ಮಾಸಿನ ಬರ್ಫ

ಶಹಾಪುರದ ಶಿವಲೀಲಾ ಏನು ಕೆಲಸ ಮಾಡುತ್ತಾಳೆಂದು ಅವಳ ಅತ್ತೆ ಇಂದಿಗೂ ಬೀಗರ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ. 'ಡಾಕ್ಟರಕಿ ಕೆಲಸ' ಎಂದು ಮಾತು ಹಾರಿಸಿಬಿಡುತ್ತಾಳೆ. ಅಲ್ಲ, ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ? ಒಳ್ಳೆಯ ತಳಿಯ ಹೋತದ ವೀರ್ಯವನ್ನು ಶಹಾಪುರದ ಪಶು ಕೇಂದ್ರದಿಂದ ತಂದು ಊರೂರಿನ ಆಡುಗಳಿಗೆ ಗಬ್ಬ ಕಟ್ಟಿಸುವುದು ಅವಳ ಕೆಲಸ. ಬೆರಳುದ್ದದ ಗಾಜಿನ ಕೊಳವೆ, ಅದಕ್ಕೆ ಸುತ್ತಿದ ಹತ್ತಿ, ಸುತ್ತಲೂ ಥರ್ಮಾಸಿನ ತುಂಬ ಬರ್ಫ. ತಂಪು ತಪ್ಪಿದರೆ ಒಳಗಿನ ಜೀವವೂ ಹೋಯಿತೆಂದೇ ಲೆಕ್ಕ. ಯಾದಗಿರಿ ಸೀಮೆಯ ಬೇಸಿಗೆಯಲ್ಲಿ ಇದನ್ನು ಸ್ಕೂಟಿಯಲ್ಲಿಟ್ಟುಕೊಂಡು ತಿರುಗಲು ಎದೆ ಗಟ್ಟಿ ಬೇಕು.

ರಾಮಸಮುದ್ರದ ಅಂಬವ್ವನ ಫೋನು ಬಂದದ್ದು ಅಂಥ ಬೇಸಿಗೆಯಲ್ಲೇ. ಅವಳ ಆಡು ಕೆಂದಿ ಬೆದೆಗೆ ಬಂದಿತ್ತು. ತಾಯಿ ಸತ್ತ ಮರಿಗೆ ಬಾಟಲಿ ಹಾಲು ಕುಡಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡು ಸಾಕಿದವಳು ಅಂಬವ್ವ. ಆದರೆ ಊರ ಹೋತಕ್ಕೆ ಎರಡು ಸಲ ಬಿಟ್ಟರೂ ಗಬ್ಬ ನಿಂತಿರಲಿಲ್ಲ. ಮಗ ಭೀಮಾಶಂಕರ ಖಡಾಖಂಡಿತ ಹೇಳಿಬಿಟ್ಟಿದ್ದ: "ಇದೊಂದು ಸಲ ನೋಡಮು. ನಿಲ್ಲಲಿಲ್ಲಂದ್ರ ಕಸಾಯಿಗೆ ಕೊಟ್ಟುಬಿಡ್ತೀನಿ."

ಶಿವಲೀಲಾ ಆ ಮನೆ ಮುಟ್ಟಿದಾಗ ನೆತ್ತಿ ಸುಡುತ್ತಿತ್ತು, ಊರಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಆ ಹಾಳು ಆಡೋ ಹಗ್ಗ ಹರಿದುಕೊಂಡು ಹೊಲದ ಕಡೆ ಓಡಿಬಿಟ್ಟಿತ್ತು! ಮನೆಯಲ್ಲಿದ್ದವಳು ಭೀಮಾಶಂಕರನ ಹೆಂಡತಿ ಮಲ್ಲೇಶ್ವರಿ, ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಹುಡುಗಿ. "ಇದನ್ನ ನೆರಳಿನಾಗ ಇಡವ್ವ" ಎಂದು ಥರ್ಮಾಸನ್ನು ಅವಳ ಕೈಗೆ ಕೊಟ್ಟು, ತಾಯಿ ಮಗನ ಹಿಂದೆ ಶಿವಲೀಲಾಳೂ ಆಡು ಹಿಡಿಯಲು ಓಡಿದಳು.

ಅಂತೂ ಹಿಡಿದು ತಂದರು. ಭೀಮಾಶಂಕರ ಅದನ್ನು ಹಿತ್ತಲಲ್ಲಿ ಕಟ್ಟಲು ಹೋದ. ಕಟ್ಟೆಯ ಮೇಲೆ ಉಸ್ಸೆಂದು ಕುಳಿತ ಅಂಬವ್ವ, ಶಿವಲೀಲಾ ಇಬ್ಬರಿಗೂ ಮಲ್ಲೇಶ್ವರಿ ಲಿಂಬಿ ಶರಬತ್ತು ತಂದುಕೊಟ್ಟಳು. ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಂಪು. ಶಿವಲೀಲಾ ಗಟಗಟ ಕುಡಿದು, ಲೋಟ ಹಿಡಿದು ಅಡಿಗೆಮನೆಗೇ ಹೋದಳು.

"ಕರೆಂಟಿಲ್ಲದ ಊರಾಗ ಇಷ್ಟು ಥಂಡಿ ಎಲ್ಲಿಂದ ತಂದೆವ್ವ?"

"ನಿಮ್ಮ ಥರ್ಮಾಸಿನಾಗೇ ಬರ್ಫ ಇತ್ತಲ್ರಿ ಅಕ್ಕಾ! ಬಿಸಲಾಗ ಬಂದೀರಿ, ಪಾಪ ಅನಸ್ತು."

ಅಯ್ಯೋ ದೇವರೇ! ಕೊಳವೆ ಎಲ್ಲಿ? ಒಡೆದೀತೆಂದು ಹುಡುಗಿ ಅದನ್ನು ಜೋಪಾನವಾಗಿ ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದಳು. ಮುಟ್ಟಿದರೆ ಚಹಾ ಲೋಟದ ಹಾಗೆ ಬೆಚ್ಚಗಿತ್ತು. ಏನಾಯಿತೆಂದು ತಿಳಿದದ್ದೇ ಮಲ್ಲೇಶ್ವರಿಯ ಕಣ್ಣು ತುಂಬಿ ಬಂದವು. "ಹೇಳಬ್ಯಾಡ್ರಿ ಅಕ್ಕಾ, ನಿಮ್ಮ ಕಾಲು ಬೀಳ್ತೀನಿ."

ಮತ್ತೆ ಶಹಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಕೇಂದ್ರವೂ ಮುಚ್ಚುತ್ತದೆ, ಬೆದೆಯೂ ಇಳಿಯುತ್ತದೆ. ಸತ್ತ ವೀರ್ಯವನ್ನೇ ಏರಿಸಿ ಸುಮ್ಮನೆ ಎದ್ದು ಹೋದರೆ ಕೇಳುವವರಾರು? ನಿಲ್ಲದಿದ್ದರೆ ಆಡೇ ಬಂಜೆ ಅಂದಾರು. ಆಮೇಲೆ ಕೆಂದಿ ಹೋಗುವುದು ಕಸಾಯಿಯ ಮನೆಗೆ. ಶಿವಲೀಲಾ ಹೊರಗೆ ಬಂದಳು.

"ತಪ್ಪು ನಂದದ್ರಿ. ಮುಚ್ಚಳ ಸಡ್ಲ ಬಿಟ್ಟಿದ್ದೆ, ಬರ್ಫ ಎಲ್ಲಾ ಹೋಗ್ಯಾದ. ಇವತ್ತು ಕೆಲಸ ಆಗಂಗಿಲ್ಲ. ಮುಂದಿನ ಬೆದಿ ತನಕ ಆಡು ಮಾರಬ್ಯಾಡ್ರಿ."

ಭೀಮಾಶಂಕರ ಓಣಿಯೆಲ್ಲ ಕೇಳುವಂತೆ ಚೀರಾಡಿದ. "ಮುಚ್ಚಳ ಹಾಕಾಕ ಬರಲ್ದಾಕಿ ಡಾಕ್ಟರಕಿ ಅಂತ ತಿರಗ್ತಾಳ!" ಸುತ್ತಲಿನವರು ನಕ್ಕರು. ಆ ಊರಲ್ಲಿ ಇನ್ನು ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಶಿವಲೀಲಾಳಿಗೆ ಅಳುವೇ ಬಂತು. ಅಂಬವ್ವ ಮಾತ್ರ ಕೈಯಲ್ಲಿನ ಖಾಲಿ ಲೋಟ ನೋಡುತ್ತ ಕುಳಿತಿದ್ದಳು. ಕೊನೆಗೆ ಮಗನಿಗೆ, "ಆಡು ನಂದು. ಮಾರಂಗಿಲ್ಲ, ಸುಮ್ನಿರು" ಎಂದಳು.

ಮೂರು ವಾರಕ್ಕೆ ಮತ್ತೆ ಫೋನು ಬಂತು. ಈ ಸಲ ಮಲ್ಲೇಶ್ವರಿ ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವಳು ಕೆಲಸ ಶುರುವಾಗುವ ತನಕ ಏಳಲಿಲ್ಲ. ಕೆಂದಿಗೆ ಗಬ್ಬ ನಿಂತು ದಸರೆಯ ಹೊತ್ತಿಗೆ ಅವಳಿ ಮರಿ ಹಾಕಿತು, ಅದು ಮುಂದಿನ ಮಾತು. ಅಂದು ಕೆಲಸ ಮುಗಿದು ಭೀಮಾಶಂಕರ ಹೊಲಕ್ಕೆ ಹೋದದ್ದೇ ತಡ, ಹುಡುಗಿಗೆ ತಡೆಯಲಾಗಲಿಲ್ಲ.

"ಅತ್ತಿ, ಅವತ್ತು ಬರ್ಫ ತಗದಾಕಿ ನಾನು. ಅಕ್ಕಾರ ತಪ್ಪಿರಲಿಲ್ಲ."

"ಗೊತ್ತದ ತಗಿ," ಎಂದಳು ಅಂಬವ್ವ. "ಆ ಶರಬತ್ತು ನಾನೂ ಕುಡದಿದ್ದೆನಲ್ಲ!" ಆಮೇಲೆ ಶಿವಲೀಲಾಳ ಕೈ ಹಿಡಿದುಕೊಂಡಳು. "ನನ್ನ ಸೊಸಿ ಸಲುವಾಗಿ ಬೈಸ್ಕೊಂಡಿ, ಯವ್ವಾ. ನಾ ಬಾಯಿ ಬಿಟ್ಟಿದ್ರ ಅವಾ ಈಕಿ ಮ್ಯಾಲ ಹಾಯ್ತಿದ್ದ. ಸುಮ್ನ ಕುಂತುಬಿಟ್ಟೆ."

ಶಿವಲೀಲಾ ಕಣ್ಣೊರೆಸಿಕೊಂಡು ಥರ್ಮಾಸಿನ ಮುಚ್ಚಳ ತೆಗೆದು ಮಲ್ಲೇಶ್ವರಿಯ ಕಡೆ ಚಾಚಿದಳು.

"ಕೆಲಸ ಮುಗೀತು, ಇನ್ನ ಈ ಬರ್ಫ ಯಾರಿಗೆ ಬೇಕು? ಮೂರು ಲೋಟ ಶರಬತ್ತು ಮಾಡವ್ವ."