ಅನುಮೋದಕರ ಪಟಕಾ

ಶಿರಾ ಹುರಿಯುವ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಗಬೇಡಿ. ತುಪ್ಪದಲ್ಲಿ ರವೆ ಕೆಂಪಾಗುತ್ತ ಓಣಿಯೆಲ್ಲ ಘಮಘಮಿಸುವಾಗ ಉಳಿದವರ ಬಾಯಲ್ಲಿ ನೀರೂರಿದರೆ, ನನ್ನ ಕಿವಿ ಬಿಸಿಯಾಗುತ್ತದೆ. ಇವತ್ತು ಬೆಳಿಗ್ಗೆ ಗೋಕಾಕದ ನಮ್ಮ ಪಕ್ಕದ ಮನೆಯವರು ಮಗಳ ನಿಶ್ಚಯಕ್ಕೆಂದು ಒಲೆಯ ಮೇಲೆ ದೊಡ್ಡ ಬೋಗುಣಿ ಇಟ್ಟಿದ್ದಾರೆ. ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದನ್ನು ನೋಡಿ ಹೆಂಡತಿ, "ಪಾಪ, ಆ ರವಾ ನಿಮಗೇನ ಮಾಡೇತ್ರಿ?" ಎಂದು ಕೇಳಿದಳು. ರವೆ ಏನೂ ಮಾಡಿಲ್ಲ. ಮಾಡಿದ್ದು ಮಹಾಸಭೆ.

ನಮ್ಮ ಕಡೆಯ ಸೊಸೈಟಿಗಳ ವಾರ್ಷಿಕ ಮಹಾಸಭೆಯನ್ನು ನೀವು ಒಮ್ಮೆಯಾದರೂ ನೋಡಬೇಕು. ಅರ್ಧ ದಿನ ಹಾರ ಹಾಕುವುದರಲ್ಲೇ ಕಳೆಯುತ್ತದೆ. ಬಂದವರಿಗೆ ಹಾರ, ಬರಬೇಕಾಗಿದ್ದು ಬಾರದವರ ಪರವಾಗಿ ಬಂದವರಿಗೆ ಹಾರ, ಕೊನೆಗೆ ಮೈಕಿನವನಿಗೂ ಒಂದು ಹಾರ. ಆಮೇಲೆ ಕಾರ್ಯದರ್ಶಿ ಎದ್ದು ವಿಷಯಪಟ್ಟಿಯನ್ನು ಉಸಿರು ಬಿಡದೆ ಓದುತ್ತಾನೆ. ಅವನು ಏನು ಓದಿದ ಎಂದು ಅವನಿಗೇ ತಿಳಿಯುವ ಮೊದಲು ಮುಂದಿನ ಸಾಲಿನಲ್ಲಿ ಒಬ್ಬ "ಮಂಜೂರ್!" ಎಂದು ಕೂಗುತ್ತಾನೆ. ಹಿಂದಿನವರೆಲ್ಲ "ಮಂಜೂರ್, ಮಂಜೂರ್!" ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ, ಮುಗಿಯಿತು. ಚರ್ಚೆ ಇಲ್ಲ, ಕೈ ಎತ್ತುವುದಿಲ್ಲ. "ನಮ್ಮಲ್ಲಿ ಯಾವಾಗಲೂ ಸರ್ವಾನುಮತರಿ" ಎಂದು ಹೆಮ್ಮೆ ಬೇರೆ! ಶಿರಾ ಬೇಯುವುದು ಶಾಮಿಯಾನದ ಹಿಂದೆಯೇ. ಯಾವ ಠರಾವಿಗೆ ಜನ ತಕರಾರು ಮಾಡಬಹುದೋ ಅದನ್ನು ಸರಿಯಾಗಿ ವಾಸನೆ ಮುಂದಿನ ಸಾಲಿಗೆ ಮುಟ್ಟುವ ಹೊತ್ತಿಗೆ ಓದುತ್ತಾರೆ. ಇದನ್ನು ಕಂಡುಹಿಡಿದವನ ತಲೆಗೆ ಕೈಮುಗಿಯಬೇಕು, ಆಮೇಲೆ ಅದೇ ಕೈಯಿಂದ ಎರಡು ಬಿಗಿಯಬೇಕು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ. ಪ್ರತಿವರ್ಷ ಶಾಲಾ ಸಂಸತ್ತು ನಡೆಸುತ್ತೇನೆ. ಒಬ್ಬರು ಸೂಚಕರಾಗಿ ಠರಾವು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಅನುಮೋದಕರಿಲ್ಲದ ಠರಾವು ಅಲ್ಲೇ ಬಿದ್ದುಹೋಗುತ್ತದೆ. ತಿದ್ದುಪಡಿ ಬಂದರೆ ಮೊದಲು ಅದರ ಮೇಲೆ ಮತ. ಮಕ್ಕಳು ಇದನ್ನೆಲ್ಲ ಎಷ್ಟು ಚೆನ್ನಾಗಿ ಮಾಡುತ್ತಾರೆಂದರೆ, ಮಧ್ಯಾಹ್ನದ ಊಟಕ್ಕೆ ಬಿಡುವಾಗಲೂ ಒಬ್ಬನಾದರೂ "ಕ್ರಮಲೋಪ, ಸಭಾಧ್ಯಕ್ಷರೇ!" ಎಂದು ಕೂಗುತ್ತಾನೆ. ಈ ಮಕ್ಕಳೇ ದೊಡ್ಡವರಾಗಿ ಶಾಮಿಯಾನದ ಕೆಳಗೆ ಕುಳಿತು "ಮಂಜೂರ್" ಎನ್ನುವುದನ್ನು ನೋಡಿದಾಗ ನನ್ನ ಪಗಾರ ನನಗೇ ದಂಡ ಎನಿಸುತ್ತದೆ.

ಈಗ ಅಕ್ಕನ ಸುದ್ದಿಗೆ ಬರುತ್ತೇನೆ. ನಮ್ಮ ಬಾಳಕ್ಕನನ್ನು ಹುಕ್ಕೇರಿ ತಾಲ್ಲೂಕಿನಲ್ಲಿ, ಘೋಡಗೇರಿಯಿಂದ ಆಚೆಗಿರುವ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಊರಿನ ಹೆಸರು ಹೇಳಿದರೆ ಅವಳು ನನ್ನನ್ನು ಬಿಡುವುದಿಲ್ಲ. ಕುರಿ ಸಾಕುವ, ಕಂಬಳಿ ನೇಯುವ ಮನೆತನ. ಅವಳ ಗಂಡ ಸಿದ್ದಪ್ಪ ಮಾಮಾ ಮಗ್ಗದ ಮೇಲೆ ಕೂತರೆ ಲೋಕ ಮರೆಯುವ ಮನುಷ್ಯ. ಆ ಊರಿನ ಕಂಬಳಿ ಸೊಸೈಟಿಗೆ ಒಂದು ಶೆಡ್ ಇತ್ತು. ಊರಿನ ಹೆಂಗಸರೆಲ್ಲ ಅಲ್ಲಿ ಕೂತು ಉಣ್ಣೆ ಹಿಂಜಿ ನೂಲುತ್ತಿದ್ದರು. ಗಾಳಿ ಬೆಳಕು ಚೆನ್ನಾಗಿತ್ತು, ಮಾತು ಜಗಳ ನಗು ಅದಕ್ಕಿಂತ ಚೆನ್ನಾಗಿತ್ತು. ಅತ್ತೆಯ ಕಣ್ಣು, ಗಂಡನ ಚಹಾ, ಎಮ್ಮೆಯ ಸಗಣಿ ಯಾವುದೂ ಬಾರದ ಒಂದು ಜಾಗ ಅಕ್ಕನ ಜೀವನದಲ್ಲಿ ಇದ್ದರೆ ಅದು ಆ ಶೆಡ್ ಮಾತ್ರ.

ಕೆಲವು ವರ್ಷಗಳ ಹಿಂದೆ ಸೊಸೈಟಿಯ ಅಧ್ಯಕ್ಷರಿಗೆ ಆ ಶೆಡ್ಡನ್ನು ತಮ್ಮ ಅಳಿಯನ ಗೊಬ್ಬರದ ಅಂಗಡಿಗೆ ಕರಾರಿನ ಮೇಲೆ ಕೊಡುವ ಮನಸ್ಸಾಯಿತು. ವಿಷಯ ಮಹಾಸಭೆಗೆ ಬಂತು. ಆ ದಿನ ನಾನೂ ಅಲ್ಲೇ ಇದ್ದೆ. ಹೆಂಗಸರೂ ಸದಸ್ಯರೇ, ಷೇರು ಅವರ ಹೆಸರಿನಲ್ಲೇ ಇದೆ; ಆದರೆ ಕೂರುವುದು ಮಾತ್ರ ಹೊರಗೆ, ಕಟ್ಟೆಯ ಮೇಲೆ. ಕಾರ್ಯದರ್ಶಿ ಠರಾವು ಓದಿದ. "ಅನುಮೋದಕರು, ಶ್ರೀ ಸಿದ್ದಪ್ಪನವರು!" ಎಂದು ಮೈಕಿನಲ್ಲಿ ಕೂಗಿದ.

ಆ ಊರಿನ ಪದ್ಧತಿಯನ್ನು ನಿಮಗೆ ಹೇಳಬೇಕು. ಯಾರು ಅನುಮೋದಿಸಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ, ಅವರನ್ನು ಕೇಳುವುದಿಲ್ಲ. ಹೆಸರು ಕೂಗಿದ ತಕ್ಷಣ ಅವರು ವೇದಿಕೆಗೆ ಹೋಗಬೇಕು, ತಲೆಗೆ ಗುಲಾಬಿ ಪಟಕಾ ಸುತ್ತಿಸಿಕೊಳ್ಳಬೇಕು, ಫೋಟೋಕ್ಕೆ ನಿಲ್ಲಬೇಕು. ಅದೊಂದು ಮರ್ಯಾದೆ. ಒಲ್ಲೆ ಎಂದರೆ ಕೊಟ್ಟ ಎಲೆ ಅಡಿಕೆ ನೆಲಕ್ಕೆ ಎಸೆದ ಹಾಗೆ. ಸಿದ್ದಪ್ಪ ಮಾಮಾ ಜೀವಮಾನದಲ್ಲಿ ವೇದಿಕೆ ಹತ್ತಿದವನಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಹೋದ, ಪಟಕಾ ಸುತ್ತಿಸಿಕೊಂಡ, ಹೆಂಡತಿಯ ಶೆಡ್ಡು ಗೊಬ್ಬರಕ್ಕೆ ಹೋಗುವ ಠರಾವನ್ನು ಕೈಮುಗಿದು ಅನುಮೋದಿಸಿ ಬಂದ!

ಅಕ್ಕ ಕಟ್ಟೆಯಿಂದ ಎದ್ದು ಶಾಮಿಯಾನದ ಬಾಗಿಲಿಗೆ ಬಂದಳು. "ನಮಗ ಕೂಡಾಕ ಜಾಗಾ ಎಲ್ಲಿ ಐತ್ರಿ? ಅದನ್ನ ಮೊದಲ ಹೇಳ್ರಿ" ಎಂದಳು. ಅಧ್ಯಕ್ಷರು ನಕ್ಕು, "ತಂಗಿ, ನಿನ್ನ ಮನಿಯಾಂವನ ಅನುಮೋದನೆ ಮಾಡ್ಯಾನಲ್ಲ. ಮನಿಗಿ ಹೋಗಿ ಅವನ್ನ ಕೇಳು" ಎಂದರು. ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ನನಗೆ ತಡೆಯಲಾಗಲಿಲ್ಲ. ಎದ್ದು, "ಇದು ಕ್ರಮಲೋಪ! ಚರ್ಚೆಗೆ ಅವಕಾಶ ಕೊಡಬೇಕು" ಎಂದು ಕೂಗಿದೆ. ಕಾರ್ಯದರ್ಶಿ ಬಹಳ ವಿನಯದಿಂದ, "ಸರ್, ನೀವು ಮೆಂಬರ್ ಅಲ್ಲ. ಸಭಾದಾಗ ಮಾತಾಡೋ ಹಕ್ಕ ನಿಮಗಿಲ್ರಿ" ಎಂದ. ನೋಡಿ ಸ್ವಾಮಿ, ಇಡೀ ಸಭಾ ನಿಯಮದಲ್ಲಿ ಅವರಿಗೆ ಗೊತ್ತಿದ್ದ ನಿಯಮ ಅದೊಂದೇ! ಅದನ್ನು ನನ್ನ ಮೇಲೆ ಪ್ರಯೋಗಿಸಿದರು. "ಮಂಜೂರ್, ಮಂಜೂರ್!" ಎಂದಾಯಿತು. ಎಲೆಯ ದ್ರೋಣಗಳಲ್ಲಿ ಶಿರಾ ಬಂತು. ನಾನು ಮುಟ್ಟಲಿಲ್ಲ. ಮುಟ್ಟಲಿಲ್ಲವೆಂದು ಯಾರೂ ಗಮನಿಸಲೂ ಇಲ್ಲ, ಅದು ಬೇರೆ ಮಾತು.

ಅಂದಿನಿಂದ ನಾನು ಸಿದ್ದಪ್ಪ ಮಾಮಾನ ಜೊತೆ ಮಾತು ಬಿಟ್ಟೆ. ಊರಿಗೆ ಹೋದರೆ ಅಕ್ಕನ ಜೊತೆ ಮಾತಾಡಿ, ಅವನ ಮಗ್ಗದ ಮುಂದೆ ತಲೆ ತಗ್ಗಿಸಿ ದಾಟಿ ಬರುತ್ತಿದ್ದೆ. ಅಕ್ಕ ಅಡಿಗೆಮನೆಯ ಮೂಲೆಯಲ್ಲಿ ನೂಲುತ್ತಿದ್ದಳು. ಅನ್ನದಲ್ಲಿ ಉಣ್ಣೆ, ಚಹಾದಲ್ಲಿ ಉಣ್ಣೆ, ಕೆಮ್ಮಿದರೆ ಉಣ್ಣೆ. ಉಳಿದ ಹೆಂಗಸರಲ್ಲಿ ಅನೇಕರು ನೂಲುವ ರಾಟಿಯನ್ನು ಅಟ್ಟಕ್ಕೆ ಹಾಕಿ ಕಬ್ಬಿನ ಕೂಲಿಗೆ ಹೊರಟರು. ಎಷ್ಟು ಜನರ ಕಸುಬು ಒಂದು ಚಪ್ಪಾಳೆಯಲ್ಲಿ ಹೋಯಿತು ನೋಡಿ! ಅದಕ್ಕೆ ಯಾರೂ ಕೆಟ್ಟವರೆಂದು ಹೆಸರು ಹಚ್ಚಿಸಿಕೊಳ್ಳಲಿಲ್ಲ, ಎಲ್ಲವೂ ಸರ್ವಾನುಮತ.

ಅಕ್ಕ ಮಾತ್ರ ಸುಮ್ಮನಿರಲಿಲ್ಲ. ಭಾನುವಾರ ಫೋನ್ ಮಾಡಿ ನನ್ನಿಂದ ಒಂದೊಂದೇ ನಿಯಮ ಕೇಳಿಸಿಕೊಂಡಳು. ನನ್ನ ಹೈಸ್ಕೂಲಿನ ಮಕ್ಕಳಿಗಿಂತ ಹೆಚ್ಚು ತಲೆ ತಿಂದಳು. "ಅನುಮೋದನೆ ಅಂದ್ರ ಏನೋ ತಮ್ಮಾ, ಬಿಡಿಸಿ ಹೇಳು" ಎಂದಳು. "'ಹೌದು, ಈ ಮಾತು ನನಗೂ ಬೇಕು' ಅಂತ ಹೇಳೋದು" ಎಂದೆ. ಅವಳು ಆ ಕಡೆ ಗಂಡನನ್ನು ಕರೆದು ಅದನ್ನೇ ಹೇಳಿದ್ದು ಕೇಳಿಸಿತು. ಮಾಮಾ, "ಹಿಂಗಂತ ಅವತ್ತ ಯಾರೂ ಹೇಳಲಿಲ್ಲಲ್ಲ" ಎಂದ. ನನಗೆ ಆಗಲೂ ಅವನ ಮೇಲೆ ಸಿಟ್ಟೇ ಬಂತು. ಕೇಳಬೇಕಿತ್ತು ಮನುಷ್ಯ!

ಮೊನ್ನೆ ಕರಾರು ಮುಗಿದು, ಅದನ್ನು ಮುಂದುವರಿಸುವ ಠರಾವು ಮಹಾಸಭೆಗೆ ಬಂತು. ನಾನು ಹೋಗಿ ಶಾಮಿಯಾನದ ಹೊರಗೆ, ಮೆಂಬರ್ ಅಲ್ಲದವರು ನಿಲ್ಲಬಹುದಾದ ಜಾಗದಲ್ಲಿ, ಶಿಸ್ತಾಗಿ ನಿಂತೆ. ಅದೇ ಉಸಿರು, ಅದೇ ಮೈಕು. ಹಳೆಯ ಕಾಗದವನ್ನೇ ಓದಿದರೋ ಏನೋ, ಅನುಮೋದಕರು ಮತ್ತೆ ಸಿದ್ದಪ್ಪನವರೇ. ಮಾಮಾ ಎದ್ದ. ವೇದಿಕೆ ಹತ್ತಲಿಲ್ಲ. ಕೂತಲ್ಲಿಯೇ ನಿಂತು, "ನಾ ಅನುಮೋದನೆ ಮಾಡೂದಿಲ್ರಿ. ಈ ಮಾತು ನನಗ ಬ್ಯಾಡಾಗೇತಿ" ಎಂದ.

ಅಧ್ಯಕ್ಷರು ಇನ್ನೊಬ್ಬರ ಹೆಸರು ಕೂಗಿದರು. ಅವನು ತನ್ನ ಚಪ್ಪಲಿ ನೋಡಿಕೊಂಡ. ಮತ್ತೊಬ್ಬನಿಗೆ ಕೆಮ್ಮು ಬಂತು. ಅವರ ಹೆಂಗಸರೂ ಅಡಿಗೆಮನೆಯಲ್ಲಿ ನೂಲುತ್ತಿದ್ದವರೇ ಅಲ್ಲವೇ! ಕೊನೆಗೆ ಅಧ್ಯಕ್ಷರು ತಾಳ್ಮೆಗೆಟ್ಟು, "ಯಾರೂ ಬ್ಯಾಡ, ನಾನ ಅನುಮೋದನೆ ಮಾಡ್ತೇನಿ" ಎಂದು ಮೇಜು ಬಡಿದರು.

ಬಾಗಿಲಿನಿಂದ ಅಕ್ಕನ ದನಿ ಬಂತು: "ಮಾಡ್ರಿ. ಆದರ ಕುರ್ಚಿ ಬಿಟ್ಟ ಕೆಳಗ ಇಳದ ಮಾಡ್ರಿ."

ನಿಯಮ ಸರಿಯಾಗಿಯೇ ಇತ್ತು. ಅಧ್ಯಕ್ಷತೆ ವಹಿಸಿದವರು ತಾವೇ ಅನುಮೋದಿಸುವಂತಿಲ್ಲ. ಮಾಡಲೇಬೇಕೆಂದರೆ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟು ಇಳಿಯಬೇಕು. ಅಧ್ಯಕ್ಷರು ಪಕ್ಕದಲ್ಲಿದ್ದ ಉಪಾಧ್ಯಕ್ಷರ ಕಡೆಗೆ ನೋಡಿದರು. ಉಪಾಧ್ಯಕ್ಷರು ಆಗಲೇ ಕುರ್ಚಿಗೇರಲು ಧೋತರದ ಚುಂಗು ಸರಿಮಾಡಿಕೊಳ್ಳುತ್ತಿದ್ದರು. ಅಧ್ಯಕ್ಷರು ಇಳಿಯಲಿಲ್ಲ. ಠರಾವು ಬಿತ್ತು.

ಬಿದ್ದದ್ದೇನೋ ಬಿತ್ತು, ಶೆಡ್ಡಿನ ಬೀಗದ ಕೈ ಮಾತ್ರ ಇನ್ನೂ ಅಳಿಯನ ಜೇಬಿನಲ್ಲೇ ಇದೆ. "ನೋಡೋಣು, ವಿಚಾರ ಮಾಡೋಣು" ಅನ್ನುತ್ತಾರಂತೆ. ಇದನ್ನು ಬರೆಯುತ್ತಿರುವಾಗಲೇ ಅಕ್ಕನ ಫೋನ್ ಬಂತು.

"ತಮ್ಮಾ, ನಾವೆಲ್ಲಾ ರಾಟಿ ತಗೊಂಡ ಬಂದ ಶೆಡ್ಡಿನ ಬಾಗಲದಾಗ ಕುಂತೇವಿ. ಬೀಗಾ ತಗಿಯೂತನಕ ಇಲ್ಲೇ ನೂಲಾಕ ಹತ್ತೇವಿ. ಇದು ನಿಯಮದ ಪ್ರಕಾರ ಐತೇನು?"

"ಸೂಚಕರು ಯಾರು?" ಎಂದೆ.

"ನಾನ."

"ಅನುಮೋದಕರು?"

ಅವಳು ಬಾಯಿ ತೆರೆಯುವ ಮೊದಲೇ, ರಾಟಿಗಳ ಸದ್ದಿನ ಹಿಂದಿನಿಂದ, ಎಷ್ಟೋ ವರ್ಷ ನಾನು ಮಾತಾಡಿಸದ ಮನುಷ್ಯನ ದನಿ ಕೇಳಿಸಿತು: "ನಾ ಅದೇನಿ ಅಂತ ಹೇಳು ಅವಗ. ಈ ಸಲಾ ಕೇಳಿ, ತಿಳಕೊಂಡ ಮಾಡೇನಿ."

"ಫೋನು ಮಾಮಾನ ಕೈಯಾಗ ಕೊಡಕ್ಕಾ" ಎಂದೆ.