ಮೂರು ಗಂಟೆ ಎಂದು ಹೇಳಿದವನು ನಾನೇ

ಬೆಂಗಳೂರಿನಿಂದ ಗುವಾಹಟಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ನೋಡಿದ್ದು ನಾನೇ. ನೇರವಾಗಿ ಹಾರಿದರೆ ಸುಮಾರು ಎರಡು ಸಾವಿರ ಕಿಲೋಮೀಟರ್, ಮೂರು ಗಂಟೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನಾದ್ದರಿಂದ ನೆಂಟರಿಷ್ಟರ ಇಂಥ ಲೆಕ್ಕವೆಲ್ಲ ನನ್ನ ಪಾಲಿಗೇ ಬರುತ್ತದೆ. ಬಂದರೆ ನನಗೂ ಒಳಗೊಳಗೇ ಖುಷಿ.

ಹೋಗಬೇಕಾಗಿದ್ದವಳು ಮಧುವನಹಳ್ಳಿಯ ನನ್ನ ಅಕ್ಕ. ಅವಳ ಅಳಿಯ ಗುವಾಹಟಿಯಲ್ಲಿ ಸೈನ್ಯದಲ್ಲಿದ್ದಾನೆ. ಮಗಳಿಗೆ ಅಲ್ಲೇ ಹೆರಿಗೆಯ ದಿನ ಹತ್ತಿರವಾಗಿತ್ತು. ಅರವತ್ತು ದಾಟಿದ ಅಕ್ಕ ಒಬ್ಬಳೇ ಹೋದ ಅತಿ ದೂರದ ಊರೆಂದರೆ, ಬಸ್ಸಿನಲ್ಲಿ ಅರ್ಧ-ಮುಕ್ಕಾಲು ಗಂಟೆಯ ಹನೂರು.

"ಹನ್ನೊಂದಕ್ಕೆ ಹೊರಡ್ತದೆ, ಎರಡಕ್ಕೆ ಇಳೀತದೆ. ಎಲ್ರೂ ಎದ್ದಾಗ ನೀನೂ ಅವ್ರ ಹಿಂದೇನೇ ಇಳ್ದುಬುಡು. ಅಲ್ಲೀಗಂಟ ಫೋನ್ ಆನ್ ಮಾಡ್ಬ್ಯಾಡ" ಎಂದು ಎರಡು ದಿನ ಅವಳಿಂದ ಪಾಠ ಒಪ್ಪಿಸಿಕೊಂಡೆ.

ಆ ಭಾನುವಾರ ಬೆಂಗಳೂರಿನ ನೆಂಟರು ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟರು. ನಾನು ಮಧುವನಹಳ್ಳಿಯಲ್ಲಿ ಭಾವನ ಜೊತೆ ಜಗಲಿಯ ಮೇಲೆ ಕೂತಿದ್ದೆ. ಭಾವ ಕಡಲೆಕಾಯಿ ಸುಲಿಯುತ್ತಿದ್ದರು. ಎರಡಾಯಿತು, ಎರಡೂ ಕಾಲಾಯಿತು. ಅಕ್ಕನ ಫೋನ್ ಸ್ವಿಚ್ ಆಫ್. ಅವಳ ಮಗಳಿಗೆ ಮಾಡಿದರೆ, "ಮೂರೂವರೆಗಲ್ವಾ ಮಾವ, ಅಮ್ಮ ಬರೋದು? ಟಿಕೆಟ್ ಕಳ್ಸಿದ್ನಲ್ಲ" ಎಂದಳು.

ಟಿಕೆಟ್ ತೆಗೆದು ನೋಡಿದೆ. ಹೊರಡುವ ಹೊತ್ತನ್ನಷ್ಟೇ ಓದಿ ಮುಚ್ಚಿಟ್ಟಿದ್ದ ಮಹಾನುಭಾವ ನಾನು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಒಂದೂವರೆಗೆ ಕೋಲ್ಕತ್ತಾದಲ್ಲಿ ಇಳಿದು, ಎರಡೂ ಕಾಲಿಗೆ ಅದೇ ವಿಮಾನ ಮುಂದಕ್ಕೆ.

ಎಲ್ಲರೂ ಎದ್ದಾಗ ಇಳಿ ಎಂದವನು ನಾನು. ಕೋಲ್ಕತ್ತಾದಲ್ಲಿ ಎದ್ದವರ ಹಿಂದೆ ಅಕ್ಕ ಚೀಲ ಹಿಡಿದು ಹೋಗಿರುತ್ತಾಳೆ. ಯಾರನ್ನು ಏನೆಂದು ಕೇಳುತ್ತಾಳೆ?

"ಯಾಕ್ ಮೇಷ್ಟ್ರೇ, ಮಖ ಇಂಗಾಯ್ತು?" ಎಂದರು ಭಾವ.

ಮುಚ್ಚಿಡಲು ಆಗಲಿಲ್ಲ, ಹೇಳಿಬಿಟ್ಟೆ. ಅವರ ಕೈ ನಿಂತಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವ್ಳಿಗೆ ಕನ್ನಡ ಬುಟ್ರೆ ಒಸಿ ತಮಿಳು ಬತ್ತದೆ, ಅಷ್ಟೇಯ" ಎಂದು ಮೆಲ್ಲಗೆ ಹೇಳಿದರು.

ಆ ಮೇಲಿನ ಒಂದೂವರೆ ಗಂಟೆ ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ ಓಡಾಡಿದೆ. ಕೋಲ್ಕತ್ತಾ ವಿಮಾನ ನಿಲ್ದಾಣದ ಯಾವುದೋ ನಂಬರಿಗೆ ಮಾಡಿದೆ, ಬರೀ ಸಂಗೀತ ಬಂತು. ಅಕ್ಕನ ನಂಬರನ್ನು ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ.

ನಾಲ್ಕಕ್ಕೆ ಫೋನ್ ಬಂತು. ಅಕ್ಕನೇ, ಗುವಾಹಟಿಯಿಂದ. ನಾನು ಸ್ಪೀಕರಿಗೆ ಹಾಕಿದೆ.

"ಮಧ್ಯದಾಗೆ ಒಂದ್ಕಡೆ ಇಳೀತು ಕಣ್ಲಾ. ಸುಮಾರ್ ಜನ ಎದ್ದು ಒಂಟೋದ್ರು. ನಾನೂ ಚೀಲ ತಕಂಡು ಎದ್ನಾ, ಗಡಿಯಾರ ನೋಡ್ತೀನಿ, ಒಂದೂವರೆ. ನೀನು ಎರಡು ಅಂದಿದ್ದೆ. ನನ್ ತಮ್ಮನ ಲೆಕ್ಕ ತಪ್ಪಾಕಿಲ್ಲ, ಇದು ನಾನಿಳಿಯೋ ಊರಲ್ಲ ಅಂತ ಕೂತೇಬುಟ್ಟೆ."

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು ಗಟ್ಟಿಯಾಗಿ ನಕ್ಕರು. ನನಗೆ ನಗು ಬರಲಿಲ್ಲ. ವಿಮಾನ ಬೆಂಗಳೂರು ಬಿಡುವುದು ಅರ್ಧ ಗಂಟೆ ತಡವಾಗಿದ್ದರೆ, ಅದು ಸರಿಯಾಗಿ ಎರಡಕ್ಕೆ ಕೋಲ್ಕತ್ತಾದಲ್ಲಿ ಇಳಿಯುತ್ತಿತ್ತು. ಅಕ್ಕನೂ ನನ್ನನ್ನು ನಂಬಿ ಇಳಿಯುತ್ತಿದ್ದಳು.